ಬೆವರದ ಗೋಧಿ

ಎರಿಹೊಳೆ ಬಯಲಿನಲ್ಲಿ ಗೋಧಿ ಬೆವರುವುದನ್ನು ನಿಲ್ಲಿಸಿ ಅದು ಮೂರನೆಯ ವರ್ಷ. ಶಿವರಾತ್ರಿ ಆಗಿ ವಾರ ಕಳೆದಿತ್ತು. ಅಂದು ಮಧ್ಯಾಹ್ನ ಮಲ್ಹಾರಿ ಹೆಂಡತಿಗೆ ಫೋನು ಮಾಡಿ, "ಸುವರ್ಣಾ, ಕೋಳಿ ಸಾಯಾಕ ಹತ್ಯಾವ," ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಡಾಕ್ಟರ್ ಸುವರ್ಣಾ ಬಿಳೇಕುದರಿ ಆಗ ಗೋಧಿ ಸಂಶೋಧನಾ ಕೇಂದ್ರದ ನಿಗಾ ಕೊಠಡಿಯಲ್ಲಿದ್ದಳು. ಬಯಲಿನುದ್ದಕ್ಕೂ ನೆಟ್ಟ ಕಂಬಗಳ ತುದಿಯಲ್ಲಿ ಬೆಳೆಯ ಮೈಬಿಸಿಯನ್ನು ದೂರದಿಂದಲೇ ಅಳೆಯುವ ಉಪಕರಣಗಳಿದ್ದವು. ಅವು ಕಳಿಸಿದ್ದೆಲ್ಲ ಕೊಠಡಿಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಬಣ್ಣವಾಗಿ ಮೂಡುತ್ತಿತ್ತು. ಬೆಳಿಗ್ಗೆ ನೀಲಿ. ಬಿಸಿಲೇರುತ್ತ ಹಳದಿ. ಮಧ್ಯಾಹ್ನಕ್ಕೆ ಇಡೀ ಬಯಲು ಕೆಂಡದ ಬಣ್ಣ. ಮೊದಲ ವರ್ಷ ಆ ಕೆಂಪನ್ನು ನೋಡಿ ಕೊಠಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದರು. ಕೆಂಪಾಯಿತೆಂದರೆ ಗೋಧಿ ಬಾಯಿ ಮುಚ್ಚಿತು ಎಂದರ್ಥ. ಬಾಯಿ ಮುಚ್ಚಿತೆಂದರೆ ನೀರು ಉಳಿಯಿತು ಎಂದರ್ಥ.

ಆ ಗೋಧಿಯನ್ನು ಆರಿಸಿದವಳು ಸುವರ್ಣಾ. ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದ ಪುಟ್ಟ ಪುಟ್ಟ ಬಾಯಿಗಳಿರುತ್ತವೆ, ಪತ್ರರಂಧ್ರಗಳು ಎನ್ನುತ್ತಾರೆ. ಗಿಡ ಅವನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ತೆರೆದಾಗಲೆಲ್ಲ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಮನುಷ್ಯ ಬೆವರಿ ತಣ್ಣಗಾಗುವ ಹಾಗೆ ಗಿಡವೂ ಆಗ ತಣ್ಣಗಾಗುತ್ತದೆ. ಬರ ತಾಳುವ ಗೋಧಿಗಳಲ್ಲಿ ಸುವರ್ಣಾ ಎರಡು ಬಗೆ ಕಂಡಿದ್ದಳು. ಬೇರನ್ನು ಆಳಕ್ಕಿಳಿಸಿ, ಎಲ್ಲಿಂದಲೋ ನೀರು ತಂದು, ಉರಿಬಿಸಿಲಲ್ಲೂ ಬೆವರುತ್ತ ತಂಪಾಗಿರುವುದು ಒಂದು. ಬಿಸಿಲೇರುವ ಮೊದಲೇ ಬಾಯಿ ಮುಚ್ಚಿ, ಮೈಬಿಸಿಯನ್ನು ತಾಳಿಕೊಂಡು, ಉಳಿಸಿದ ನೀರನ್ನು ಕಾಳು ತುಂಬುವ ದಿನಗಳಿಗೆ ಇಟ್ಟುಕೊಳ್ಳುವುದು ಇನ್ನೊಂದು. ಕಪ್ಪು ಎರಿಮಣ್ಣು ಬಿರಿದು ಬಾಯಿಬಿಟ್ಟ ಮೇಲೆ ಆಳದಲ್ಲಿ ನೀರೆಲ್ಲಿರುತ್ತದೆ? ಅವಳು ಎರಡನೆಯದರ ಬೆನ್ನು ಹತ್ತಿದಳು. ಎಲೆಗೆ ಕ್ಲಿಪ್ಪು ಸಿಕ್ಕಿಸಿ ರಂಧ್ರದ ತೆರಪು ನೋಡಿದಳು. ಹಸಿರು ಎಷ್ಟು ಕಾಲ ಮಾಸದೆ ಉಳಿಯುತ್ತದೆ, ಕಾಂಡದಲ್ಲಿ ಕೂಡಿಟ್ಟ ಸಕ್ಕರೆ ತೆನೆಗೆ ಎಷ್ಟು ಏರುತ್ತದೆ ಎಂದು ಹಂಗಾಮಿನ ಮೇಲೆ ಹಂಗಾಮು ನೋಡಿದಳು. ಸಾವಿರಾರು ಗಿಡ ಕಿತ್ತೆಸೆದು ಹತ್ತಾರು ಉಳಿಸಿಕೊಂಡಳು. ಹತ್ತಾರರಲ್ಲಿ ಒಂದು ನಿಂತಿತು. ಅಷ್ಟರಲ್ಲಿ ಅವಳ ತಲೆ ಅರ್ಧ ಬೆಳ್ಳಗಾಗಿತ್ತು.

ಬೆಳಗಿನ ತಂಪಿನಲ್ಲೇ ದಿನದ ಊಟ ಮುಗಿಸಿ ಬಾಗಿಲು ಹಾಕಿಕೊಳ್ಳುವ ಆ ತಳಿಗೆ ಕೇಂದ್ರ ಕೊಟ್ಟ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಜನ ಅದನ್ನು ಬಾಯಿಮುಚ್ಚಿ ಗೋಧಿ ಎಂದರು. ಕಾಲುವೆಯ ನೀರು ಎರಡು ಸರದಿ ಬೇಕಿದ್ದಲ್ಲಿ ಒಂದೇ ಸಾಕಾಯಿತು. ಕಾಳು ಮೊದಲಿನದಕ್ಕಿಂತ ಒಂದೂವರೆ ಪಟ್ಟು. ಉಳಿದ ಸರದಿಯ ನೀರನ್ನು ಪಟ್ಟಣಗಳ ನಲ್ಲಿಗೆ ತಿರುಗಿಸಿದರು. ನೋಡನೋಡುತ್ತ ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಕಾಲುವೆ ಹರಿದಲ್ಲೆಲ್ಲ ಬೇರೆ ಗೋಧಿ ಕಣ್ಣಿಗೆ ಬೀಳದಂತಾಯಿತು.

ಸಂಜೆ ಅವಳು ತಮ್ಮೂರಾದ ಹೊಸದಿನ್ನಿಗೆ ಬಂದವಳೇ ನೇರ ಕೋಳಿ ಶೆಡ್ಡಿಗೆ ಹೋದಳು. ಶೆಡ್ಡು ಊರ ಅಂಚಿನಲ್ಲಿತ್ತು. ಮೂರು ಕಡೆಯೂ ಗೋಧಿ ಹೊಲ. ಒಳಗೆ ಕೋಳಿಗಳು ರೆಕ್ಕೆ ಮೈಗೆ ತಾಕದಂತೆ ಎತ್ತಿಕೊಂಡು, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಕೆಲಸದ ಹುಸೇನಬಿ ಗೋಣಿತಟ್ಟಿನ ಪರದೆಗಳಿಗೆ ನೀರು ಹೊಡೆಯುತ್ತಿದ್ದಳು. ಮಲ್ಹಾರಿ ಸತ್ತ ಕೋಳಿಗಳನ್ನು ಕಾಲು ಹಿಡಿದು ಎಳೆದು ಚೀಲಕ್ಕೆ ತುಂಬುತ್ತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಫ್ಯಾನ್ ತಿರಗತಾವ, ತಟ್ಟಿಗೆ ನೀರ ಹೊಡದೇವಿ, ತಗಡಿನ ಮ್ಯಾಲೆ ಹುಲ್ಲ ಹೊಚ್ಚೇವಿ," ಎಂದ ಅವಳತ್ತ ನೋಡದೆ. "ಏನ್ ಮಾಡಿದ್ರೂ ಒಳಗ ಒಲಿ ಹಚ್ಚಿದಂಗ ಆಗೇತಿ. ಕೋಳಿಗೆ ಬೆವರಿಲ್ಲ ನೋಡು. ಬಾಯಿ ತಗದ ಉಸಿರ ಬಿಟ್ಟ ತಣ್ಣಗಾಗಬೇಕು. ಎಷ್ಟಂತ ಬಿಟ್ಟಾವು?"

"ಈ ವರ್ಷ ಬಿಸಿಲ ಭಾಳ ಐತ್ರಿ," ಎಂದಳು ಸುವರ್ಣಾ.

"ಹೋದ ವರ್ಷಾನೂ ಇದೇ ಅಂದಿದ್ದಿ."

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. ಮುಟ್ಟು ನಿಲ್ಲುವ ವಯಸ್ಸು ಅವಳದು. ಕೂತಲ್ಲೇ ಒಮ್ಮೆಲೇ ಎದೆಯಿಂದ ನೆತ್ತಿಗೆ ಕಾವು ಏರುವುದು, ಮೈ ತೊಪ್ಪೆಯಾಗುವುದು, ಆಮೇಲೆ ಏನೂ ಆಗಲಿಲ್ಲವೆಂಬಂತೆ ಇಳಿದುಹೋಗುವುದು. ಈ ಎರಡು ವರ್ಷ ಸೆಕೆ ಹೆಚ್ಚಾಗಿದೆ ಎಂದು ಅನಿಸಿದಾಗಲೆಲ್ಲ ಅದು ತನ್ನ ಮೈಯದೇ ಎಂದುಕೊಂಡಿದ್ದಳು. ಈಗ ಕೊಕ್ಕು ತೆರೆದು ನಿಂತ ಕೋಳಿಗಳ ಸಾಲನ್ನು ನೋಡುತ್ತ, ಇವಕ್ಕೂ ಅದೇ ವಯಸ್ಸೇ ಎಂದು ತನ್ನನ್ನೇ ಕೇಳಿಕೊಂಡಳು. ನಗು ಬರಲಿಲ್ಲ.

ಮರುದಿನ ನಿಗಾ ಕೊಠಡಿಗೆ ಹೋದವಳೇ ಪರದೆಯ ಉಸ್ತುವಾರಿ ನೋಡುವ ಎಂಜಿನಿಯರ್ ತೌಸೀಫನಿಗೆ, "ಬೆಳಿ ಬಿಸಿ ಬ್ಯಾಡಪಾ. ಕಂಬದಾಗ ಗಾಳಿ ಬಿಸಿ ಅಳಿಯೂದೂ ಐತಲ್ಲ, ಅದರ ನಿನ್ನಿ ಮಧ್ಯಾಹ್ನದ್ದ ಹಾಕು," ಎಂದಳು.

"ಗಾಳೀದ ಯಾರೂ ಕೇಳೂದಿಲ್ರಿ ಮೇಡಂ," ಎನ್ನುತ್ತಲೇ ತೌಸೀಫ ಹಾಕಿದ.

ಬಾಯಿಮುಚ್ಚಿ ಗೋಧಿ ಬರುವ ಮೊದಲಿನ ವರ್ಷಗಳದನ್ನು ಪಕ್ಕಕ್ಕೆ ಹಾಕಿಸಿದಳು. ಸುತ್ತಲ ಗುಡ್ಡಗಳಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಬಯಲಿನ ಮೇಲೆ ಮಾತ್ರ ಗಾಳಿ ಎರಡು ಮೂರು ಡಿಗ್ರಿ ಹೆಚ್ಚು ಕಾದಿತ್ತು. ಊರೂರ ನಡುವಿನ ತಗ್ಗುಗಳಲ್ಲಿ ನಾಲ್ಕು. ಸುವರ್ಣಾ ಕುರ್ಚಿ ಎಳೆದುಕೊಂಡು ಕೂತಳು. ಪ್ರಯೋಗದ ತಾಕಿನಲ್ಲಿ ಅವಳ ಗೋಧಿ ನಿಂತಿದ್ದದ್ದು ಕೆಲವೇ ಸಾಲು. ಅದರ ಅಕ್ಕಪಕ್ಕ ಬೆವರುವ ಗೋಧಿಗಳಿದ್ದವು. ಅವುಗಳ ತಂಪಿನಲ್ಲಿ ಇದು ಬಾಯಿ ಮುಚ್ಚಿ ನಿಂತಿತ್ತು. ಇಡೀ ಬಯಲು ಒಟ್ಟಿಗೆ ಬಾಯಿ ಮುಚ್ಚಿದರೆ ಏನಾದೀತು ಎಂದು ತಾಕು ಹೇಳುವ ಹಾಗಿರಲಿಲ್ಲ. ಅದನ್ನು ಯಾರೂ ಕೇಳಿಯೂ ಇರಲಿಲ್ಲ.

ಪರದೆಯ ಮೂಡಣ ಅಂಚಿನಲ್ಲಿ ಒಂದೇ ಒಂದು ನೀಲಿ ಚುಕ್ಕೆ ಇತ್ತು.

"ಅದು ತೆಗ್ಗಿನಾಳದ ಕಂಬ ರೀ," ಎಂದ ತೌಸೀಫ. "ಕೆಟ್ಟೈತಿ ಅಂತ ರಿಪೇರಿಗೆ ಹೇಳೀನಿ. ಯಾರೂ ಹೋಗವಲ್ರು."

ಸುವರ್ಣಾ ತಾನೇ ಹೋದಳು. ಮಧ್ಯಾಹ್ನದ ಹೊತ್ತು, ಜೀಪಿನ ಕಿಟಕಿಯಿಂದ ಬರುವ ಗಾಳಿ ಮುಖ ಸುಡುತ್ತಿತ್ತು. ತೆಗ್ಗಿನಾಳದ ಕೆರೆ ಏರಿ ದಾಟಿ ಊರಿನ ಹೊಲಗಳ ನಡುವೆ ಇಳಿದದ್ದೇ ತಡ, ಯಾರೋ ಒದ್ದೆ ಬಟ್ಟೆ ಕೊಡವಿದ ಹಾಗೆ ಗಾಳಿ ಬದಲಾಯಿತು. ಕಂಬ ಕೆಟ್ಟಿರಲಿಲ್ಲ. ಅಲ್ಲಿನವರು ಕೆರೆ ನೀರು ಹಾಯಿಸಿ ಹಳೆಯ ಜವೆಗೋಧಿಯನ್ನೇ ಬೆಳೆಯುತ್ತಿದ್ದರು. ಬೇವಿನ ನೆರಳಲ್ಲಿ ನಾಯಿಗಳು ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದವು. ಇಂಥ ಹೊತ್ತಿನಲ್ಲಿ ಹೊಸದಿನ್ನಿಯ ನಾಯಿಗಳು ಚರಂಡಿಯಲ್ಲಿ ಬಿದ್ದಿರುತ್ತಿದ್ದವು.

ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಗುರಸಿದ್ದವ್ವ ಎಂಬ ಹೆಂಗಸು ಜೀಪಿನ ಮೇಲಿನ ಕೇಂದ್ರದ ಹೆಸರು ಓದಿ ಎದ್ದು ಬಂದಳು.

"ನೀವು ಆ ಬಾಯಿಮುಚ್ಚಿ ಗೋದಿ ಮಾಡಿದವ್ರೇನ್ರಿ? ಚಲೋ ಆತು ಬಂದ್ರಿ. ನಮ್ಮೂರಿಗೆ ಬೀಜ ಯಾಕ ಕೊಡವಲ್ರಿ? ಕಾಲುವಿ ನೀರಿನವರಿಗಷ್ಟ ಅಂತಾರ. ನಾವೇನ ಪಾಪ ಮಾಡೀವಿ?"

"ಯವ್ವಾ, ನಿಮ್ಮೂರು ತಂಪೈತಿ ನೋಡ್ರಿ," ಎಂದಳು ಸುವರ್ಣಾ. "ಇಡೀ ಬಯಲಾಗ ನಿಮ್ಮದೊಂದ ಊರು ತಂಪೈತಿ. ಈ ಗೋದಿ ಬೆವರೂದಕ್ಕ ಹಂಗೈತಿ."

ಗುರಸಿದ್ದವ್ವ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. "ತಂಪ ತಗೊಂಡ ಏನ್ ಮಾಡೂಣ್ರಿ? ತಂಪ ಬೀಸಿ ಚಪಾತಿ ಮಾಡಾಕ ಬರತೈತೇನು? ಆಚಿ ಊರಾಗ ನಮ್ಮ ತಂಗಿ ಹೊಲ ಐತಿ. ನಮ್ಮಷ್ಟ ಭೂಮಿ, ನಮ್ಮ ಅರ್ಧ ನೀರು, ನಮಗಿಂತ ಒಂದೂವರಿ ಪಟ್ಟ ಕಾಳು. ನಾ ಅಕಿ ಮುಂದ ಯಾವ ಮಾರಿ ಹೊತ್ತು ನಿಂದರಲಿ?"

ಅಷ್ಟರಲ್ಲಿ ಸುವರ್ಣಾಳಿಗೆ ಫೋನು ಬಂತು. ಹುಸೇನಬಿ ಅಳುತ್ತಿದ್ದಳು. "ಅಕ್ಕಾರ, ಅಣ್ಣಾರು ಶೆಡ್ಡಿನಾಗ ಬಿದ್ರು. ಮೈ ಮುಟ್ಟಾಕ ಬರವಲ್ದು, ಹಂಚಿನಂಗ ಸುಡತೈತಿ. ಬೆವರಽ ಇಲ್ರಿ, ಒಣಾ ಮೈ. ಗಾಡ್ಯಾಗ ಹಾಕೊಂಡ ದವಾಖಾನಿಗೆ ಹೊಂಟೇವಿ."

ತಾಲೂಕಿನ ಆಸ್ಪತ್ರೆಯಲ್ಲಿ ಮಲ್ಹಾರಿಯ ಕಂಕುಳು, ತೊಡೆ ಸಂದಿಗಳಲ್ಲಿ ಮಂಜುಗಡ್ಡೆ ಇಟ್ಟಿದ್ದರು. ಕಣ್ಣು ತೆರೆದಿದ್ದರೂ ಅವನಿಗೆ ಹೆಂಡತಿಯ ಗುರುತು ಸಿಗಲಿಲ್ಲ, ಏನೇನೋ ಬಡಬಡಿಸಿದ. ಆ ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ. ಹೊಲದಲ್ಲಿ ದುಡಿಯುವಾಗ ಬಿದ್ದವರು, ಗಾರೆ ಕೆಲಸದವರು, ಮನೆಯೊಳಗೇ ಕೂತಿದ್ದ ಮುದುಕರು. ಎಲ್ಲರ ಊರೂ ಬಯಲಿನದೇ. ಗುಡ್ಡದ ಊರಿನವರು ಒಬ್ಬರೂ ಇರಲಿಲ್ಲ. ಎದುರಿನ ಮಂಚದ ಮುದುಕನನ್ನು ಸಂಜೆಗೆ ಬಿಳಿ ಬಟ್ಟೆ ಹೊದಿಸಿ ಒಯ್ದರು. ಮಂಚ ತಣಿಯುವ ಮೊದಲೇ ಅದರ ಮೇಲೆ ಇನ್ನೊಬ್ಬರನ್ನು ಮಲಗಿಸಿದರು.

ಎರಡು ದಿನ ಬಿಟ್ಟು ಮಲ್ಹಾರಿ ಅವಳ ಹೆಸರು ಹಿಡಿದು ಕರೆದ. ಜೀವಕ್ಕೆ ಅಪಾಯವಿಲ್ಲ ಎಂದ ಡಾಕ್ಟರು, ಮೈಬಿಸಿಯನ್ನು ಸಮ ಮಾಡಿಕೊಳ್ಳುವ ಶಕ್ತಿ ಕುಂದಿದೆ, ಇನ್ನು ಮೇಲೆ ಬಿಸಿಲಿಗೆ ಬಿಡಬೇಡಿ, ಶೆಡ್ಡಿನ ಕೆಲಸವಂತೂ ಕನಸಿನಲ್ಲೂ ಬೇಡ ಎಂದು ಹೇಳಿ ಹೋದರು. ಸುವರ್ಣಾ ಅವನ ಕೈ ಹಿಡಿದುಕೊಂಡು ಕೂತಳು. ಅವಳಿಗೆ ಎರಡು ದಿನದ ನಿದ್ದೆ ಬಾಕಿ ಇತ್ತು. ಮಾತು ಎಲ್ಲಿಂದ ಆರಂಭಿಸಬೇಕೋ ತಿಳಿಯದೆ, "ಈ ಸೆಕಿ ನನ್ನ ಗೋದಿಯಿಂದ ಬಂದದ್ದರಿ," ಎಂದಳು.

ಮಲ್ಹಾರಿ ಸೂರು ನೋಡುತ್ತಿದ್ದ. ಕೇಳಿಸಿತೋ ಇಲ್ಲವೋ ಎಂದು ಅವಳು ಮತ್ತೆ ಹೇಳಲು ಹೊರಟಾಗ, ಅವನು ನಿಧಾನವಾಗಿ ಕೇಳಿದ: "ನಮ್ಮ ಹೊಲದಾಗೂ ಅದನ್ನಽ ಬಿತ್ತೇವಲ್ಲ... ಕಾಳ ತುಂಬ್ಯಾವೇನು?"

"ತುಂಬ್ಯಾವ್ರಿ."

"ಛಲೋ ತುಂಬ್ಯಾವೇನು?"

"ಛಲೋ ತುಂಬ್ಯಾವ."

ಅವನು ಕಣ್ಣು ಮುಚ್ಚಿಕೊಂಡ. ಸುವರ್ಣಾ ಎದ್ದು ವರಾಂಡಕ್ಕೆ ಹೋಗಿ ಗೋಡೆಗೆ ಹಣೆಯಾನಿಸಿ ನಿಂತಳು.

ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಗದ್ದಗಿಮಠ ಕೆಟ್ಟವರಲ್ಲ. ಮಲ್ಹಾರಿಯನ್ನು ನೋಡಲು ಆಸ್ಪತ್ರೆಗೆ ಬಂದಿದ್ದರು, ಕಿತ್ತಳೆ ಹಣ್ಣು ತಂದಿದ್ದರು. ಆದರೆ ಬಾಯಿಮುಚ್ಚಿ ಬೀಜವನ್ನು ಇನ್ನೂ ಮೂರು ತಾಲೂಕುಗಳಿಗೆ ಕೊಡುವುದೆಂದು ಆಗಲೇ ತೀರ್ಮಾನವಾಗಿತ್ತು. ಮುಂದಿನ ವಾರದ ಸಭೆಯಲ್ಲಿ ಸುವರ್ಣಾ ಗಾಳಿಯ ನಕ್ಷೆಗಳನ್ನು ಹಾಕಿ ತೋರಿಸಿದಳು, ಆಸ್ಪತ್ರೆಯ ವಾರ್ಡಿನ ಕಥೆ ಹೇಳಿದಳು. ಯಾರೂ ಅಲ್ಲಗಳೆಯಲಿಲ್ಲ. ಅದೇ ಅವಳಿಗೆ ಹೆಚ್ಚು ಸುಸ್ತು ತಂದಿತು.

"ಹಂಗಾದ್ರ ಏನ್ ಮಾಡೂಣು ಹೇಳ್ರಿ ಸುವರ್ಣಾ," ಎಂದರು ಗದ್ದಗಿಮಠ. "ಉಳಿದ ನೀರು ಪಟ್ಟಣಕ್ಕ ಹೋಗೇತಿ. ಅಲ್ಲಿ ನಲ್ಲಿ ಬಂದ್ ಮಾಡಿ ಹಿಂದಕ್ಕ ತರೂದು ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ. ರೈತರು ಆ ಬೀಜ ಬಿಟ್ಟು ಬ್ಯಾರೆ ತಗೊಳ್ಳಂಗಿಲ್ಲ. ಯಾಕ ತಗೊಳ್ಳಬೇಕು?"

"ಊರಿನ ಸುತ್ತ ಒಂದು ಪಟ್ಟಿಯಷ್ಟರ ಬೆವರೂ ಗೋದಿ ಬಿತ್ತಿಸೋಣ್ರಿ, ಸರ. ಬಾವಿ ನೀರು ಅಷ್ಟಕ್ಕ ಸಾಲತೈತಿ. ಊರಿಗೆ ಬರೂ ಗಾಳಿ ಅದನ್ನ ದಾಟಿ ಬರಬೇಕು."

"ಬೆವರೂದು ಒಬ್ಬನ ಹೊಲ, ತಂಪ ಬೀಳೂದು ಇನ್ನೊಬ್ಬನ ಮನಿ ಮ್ಯಾಲೆ. ಕಾಳು ಕಮ್ಮಿ ಆಗೂದು ಇವಂಗ. ಒಪ್ಪತಾನೇನು?"

"ಇಷ್ಟು ವರ್ಷ ಒಂದು ಗಿಡ ತನ್ನ ಮಟ್ಟಿಗೆ ಎಷ್ಟು ಕೊಡತೈತಿ ಅಂತಷ್ಟ ನೋಡಿ ಆರಿಸೇವ್ರಿ. ಬಾಜೂ ನಿಂತದ್ದಕ್ಕ ಏನು ಮಾಡತೈತಿ ಅಂತ ನೋಡಲಿಲ್ಲ," ಎಂದಳು ಸುವರ್ಣಾ. ಹೇಳುವಾಗ ಅವಳ ಮೈಗೆ ಕಾವು ಏರಿ ಕುಪ್ಪಸ ಒದ್ದೆಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟಳು.

ಬೀಜ ಮೂರು ತಾಲೂಕಿಗೂ ಹೋಯಿತು. ಒಂದೇ ಒಂದು ಊರಿನಲ್ಲಿ ಪಟ್ಟಿ ಬಿತ್ತಿ ನೋಡಲು ಅವಳಿಗೆ ಅನುಮತಿ ಸಿಕ್ಕಿತು. ಅವಳು ಹೊಸದಿನ್ನಿಯನ್ನು ಆರಿಸಿಕೊಂಡಳು.

ಮಳೆಗಾಲ ಮುಗಿಯುವಾಗ ಊರ ಶಾಲೆಯ ಅಂಗಳದಲ್ಲಿ ಜನ ಸೇರಿದರು. ಊರಿಗೆ ಹತ್ತಿದ ಹೊಲಗಳವರು ಮೊದಲೇ ಕೋಪದಲ್ಲಿದ್ದರು. "ನೀವಽ ಕೊಟ್ರಿ, ಈಗ ನೀವಽ ಬ್ಯಾಡಂತೀರಿ," ಎಂದ ಒಬ್ಬ. "ನಮ್ಮ ಹೊಲ ಊರಿಗೆ ಸಮೀಪ ಇದ್ದದ್ದಽ ನಮ್ಮ ತಪ್ಪೇನು? ದೂರದ ಹೊಲದವರು ಚೀಲ ತುಂಬಬೇಕು, ನಾವು ಊರಿಗೆ ಗಾಳಿ ಬೀಸಬೇಕೇನು?" ಎಂದ ಇನ್ನೊಬ್ಬ. ಸುವರ್ಣಾ ವಿವರಿಸುತ್ತ ಹೋದಳು. ಕೆಲವರು ಎದ್ದು ಹೋದರು. ಮಲ್ಹಾರಿ ಕಟ್ಟೆಗೆ ಒರಗಿ ಕೂತಿದ್ದ. ಶೆಡ್ಡಿನಲ್ಲಿ ಬಿದ್ದಂದಿನಿಂದ ನಡುಗುವ ಅವನ ಕೈಗಳನ್ನು ಎಲ್ಲರೂ ನೋಡುತ್ತಿದ್ದರು, ನೋಡಿ ಮುಖ ತಿರುಗಿಸುತ್ತಿದ್ದರು.

ಕಡೆಗೆ ಹಿಂದಿನ ಸಾಲಿನಿಂದ ಹುಸೇನಬಿ ಎದ್ದಳು. ಶೆಡ್ಡು ಮುಚ್ಚಿದ ಮೇಲೆ ಅವಳು ಊರೂರು ಕೂಲಿಗೆ ಹೋಗುತ್ತಿದ್ದಳು.

"ನಮಗ ಹೊಲಾನೂ ಇಲ್ಲ, ಕಾಳೂ ಇಲ್ಲ. ಉರಿ ಮಾತ್ರ ನಮ್ಮ ಪಾಲಿಗೂ ಬಂದೈತಿ," ಎಂದಳು. "ಕಾಳು ಯಾರ್ಯಾರಿಗೆ ಎಷ್ಟೆಷ್ಟು ಅಂತ ನೀವು ಜಗಳ ಮಾಡ್ರಿ. ಆದ್ರ ಉರೀನೂ ಒಂದೀಟು ಹಂಚಿಕೋರಿ."

ಅಷ್ಟು ಹೇಳಿ ಕೂತಳು. ಆಮೇಲೆ ಮತ್ತೆ ಜಗಳ ಶುರುವಾಯಿತು, ಆದರೆ ಬೇರೆ ಥರದ ಜಗಳ: ಪಟ್ಟಿ ಬಿತ್ತಿದವರಿಗೆ ಉಳಿದವರು ಚೀಲಕ್ಕೆ ಎಷ್ಟು ಸೇರು ಕೊಡಬೇಕು ಎಂಬುದರ ಮೇಲೆ.

ಆ ಹಿಂಗಾರಿಗೆ ಹೊಸದಿನ್ನಿಯ ಸುತ್ತ ಬೆವರುವ ಗೋಧಿ ಎದ್ದು ನಿಂತಿತು. ಬಳೆಯ ಹಾಗೆ ಪೂರ್ತಿ ಸುತ್ತು ಕೂಡಲಿಲ್ಲ; ಇಬ್ಬರು ಮಾತು ಕೊಟ್ಟು ಬಿತ್ತುವ ಹೊತ್ತಿಗೆ ಹಿಂದೆ ಸರಿದಿದ್ದರು. ಆ ಎರಡು ಸಂದಿನಿಂದ ಮಧ್ಯಾಹ್ನದ ಗಾಳಿ ಮೊದಲಿನ ಹಾಗೇ ಕಾದು ನುಗ್ಗುತ್ತಿತ್ತು. ಉಳಿದ ಕಡೆ ಒಂದೂವರೆ ಡಿಗ್ರಿ ಇಳಿಯಿತು. ಲೆಕ್ಕದಲ್ಲಿ ಅದು ಸಣ್ಣದು. ಆದರೂ ಹೊಸದಿನ್ನಿಯಿಂದ ಆ ವರ್ಷ ಆಸ್ಪತ್ರೆಗೆ ಹೋದವರು ಬೆರಳಲ್ಲಿ ಎಣಿಸುವಷ್ಟು, ಸತ್ತವರಿಲ್ಲ. ಪಟ್ಟಿಯ ಹೊಲಗಳಲ್ಲಿ ಕಾಳು ಕಮ್ಮಿಯಾಯಿತು. ಕೊಡಬೇಕಾದವರು ಕೊಸರಾಡುತ್ತಲೇ ಕೊಟ್ಟರು. ಒಂದಿಬ್ಬರು ಕೊಡಲಿಲ್ಲ.

ಆ ಹಂಗಾಮಿನಲ್ಲೇ ತೆನೆ ಬಿಡುವ ಹೊತ್ತಿಗೆ ನಿಗಾ ಕೊಠಡಿಯಲ್ಲಿ ಪರದೆ ದೊಡ್ಡದಾಗಿತ್ತು, ಹೊಸ ಮೂರು ತಾಲೂಕುಗಳನ್ನೂ ತೋರಿಸಬೇಕಲ್ಲ. ಮಧ್ಯಾಹ್ನ ಅವೂ ಕೆಂಪಾಗುತ್ತಿದ್ದವು. ತೆಗ್ಗಿನಾಳಕ್ಕೂ ಬೀಜ ಸಿಕ್ಕಿತ್ತು. ಹಿಂದಿನ ದಿನದ ಮಧ್ಯಾಹ್ನದ ಚಿತ್ರದಲ್ಲಿ ಮೂಡಣ ಅಂಚಿನ ನೀಲಿ ಚುಕ್ಕೆ ಅಳಿಸಿಹೋಗಿತ್ತು. "ಕಂಬ ರಿಪೇರಿ ಆದಂಗ ಕಾಣತೈತ್ರಿ," ಎಂದ ತೌಸೀಫ, ತನ್ನ ಮಾತಿಗೆ ತಾನೇ ಪೆಚ್ಚಾಗಿ. ಹೊಸದಿನ್ನಿಯ ಜಾಗದಲ್ಲಿ ಒಂದು ಮಬ್ಬು ಹಳದಿ, ಅದೂ ಎರಡು ಕಡೆ ಹರಿದದ್ದು. ಸುವರ್ಣಾ ಅದನ್ನು ನೋಡಿ, ಚಹಾ ಕುಡಿದು, ಮೇಜಿನ ಮೇಲಿದ್ದ ಸಣ್ಣ ಕತ್ತರಿ, ಚಿಮುಟ, ಬೆಣ್ಣೆಕಾಗದದ ಚೀಲಗಳನ್ನು ಬುಟ್ಟಿಗೆ ಹಾಕಿಕೊಂಡು ಹೊರಟಳು.

ಬೆಳಗಿನ ತಂಪಿನ್ನೂ ಇತ್ತು. ಆ ಹೊತ್ತಿನಲ್ಲಿ ಮಾತ್ರ ಮಲ್ಹಾರಿ ಹೊರಗೆ ಬರಬಹುದಾಗಿತ್ತು. ಮನೆಯಲ್ಲಿ ಕೂತು ಬೇಸತ್ತು ಅವಳ ಜೊತೆ ಕೇಂದ್ರದ ತಾಕಿಗೆ ಬರುವುದನ್ನು ರೂಢಿ ಮಾಡಿಕೊಂಡಿದ್ದ. ಸುವರ್ಣಾ ಬಾಯಿಮುಚ್ಚಿಯ ಒಂದು ತೆನೆ ಹಿಡಿದು, ಅದರ ಮೀಸೆ ಕತ್ತರಿಸಿ, ಒಂದೊಂದೇ ಹೂವಿನೊಳಗಿಂದ ಗಂಡು ಕೇಸರಗಳನ್ನು ಚಿಮುಟದಲ್ಲಿ ತೆಗೆಯತೊಡಗಿದಳು. ಅವು ಹೋದ ತೆನೆಗೆ ಬೇರೆ ಪರಾಗ ಬೀಳದಂತೆ ಕಾಗದದ ಚೀಲ ಹಾಕಿ, ಆಮೇಲೆ ಬೆವರುವ ಗೋಧಿಯ ಪರಾಗ ಸೋಕಿಸಬೇಕು. ಹುಟ್ಟುವ ಮಕ್ಕಳನ್ನು ಈ ಸಲ ಒಂದೊಂದಾಗಿ ಅಳೆಯುವುದಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಒಂದು ಸಾಲು ಬೇರೆ ಗೋಧಿ ನಿಲ್ಲಿಸಿ, ಆ ಸಾಲಿಗೆ ಎಷ್ಟು ಬಿಸಿ ತಟ್ಟಿತು ಎಂಬುದನ್ನೂ ಅಳೆಯುವುದು. ಸ್ವಲ್ಪ ಬೆವರಿ, ಸ್ವಲ್ಪ ಉಳಿಸಿ, ಕಾಳನ್ನೂ ಕೈಬಿಡದ ಗಿಡವೊಂದು ಆ ರಾಶಿಯಲ್ಲಿ ಇರಬಹುದು. ಇಲ್ಲದೆಯೂ ಇರಬಹುದು.

ಮಲ್ಹಾರಿ ಕಾಗದದ ಚೀಲವನ್ನು ಬಾಯಿ ಅಗಲಿಸಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ.

"ಇದು ಮುಗಿಯೂದು ಯಾವಾಗ?"

"ಎಲ್ಲಾ ಸರಿ ಹೋದ್ರ ಹತ್ತ ಹನ್ನೆರಡ ವರ್ಷಕ್ಕರಿ."

"ನೀ ರಿಟೈರ್ ಆಗೂದಕ್ಕ ಅಷ್ಟ ವರ್ಷ ಉಳದಾವೇನು?"

"ಇಲ್ಲ."

"ಹಂಗಾರ ಮತ್ತ..." ಎಂದು ಅವನು ಮಾತು ಅಲ್ಲಿಗೇ ಬಿಟ್ಟ. ಅವನ ಕೈಯಲ್ಲಿದ್ದ ಚೀಲ ಸಣ್ಣಗೆ ನಡುಗುತ್ತಿತ್ತು.

ಸುವರ್ಣಾ ಚಿಮುಟ ಹಿಡಿದ ಕೈಯನ್ನು ತೆನೆಯಿಂದ ತೆಗೆಯದೆ, ಇನ್ನೊಂದು ಕೈಯಿಂದ ಅವನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದಳು.

"ಬಿಸಿಲ ಬರೂದರಾಗ ಈ ಸಾಲ ಮುಗಸೂಣು," ಎಂದಳು. "ಇನ್ನೊಂದೀಟು ಮ್ಯಾಲೆ ಹಿಡೀರಿ."